ಉಗ್ರರು ನರಿಮನ್ ಹೌಸ್ ಹುಡುಕಿಕೊಂಡು ಹೋದದ್ದೇಕೆ?

ಪ್ರಶ್ನೆ: ಮುಂಬೈ ದಾಳಿಯಲ್ಲಿ ತಾಜ್, ಒಬೆರಾಯ್, ರೈಲು ನಿಲ್ದಾಣ ಗುರಿಯಾದದ್ದು ಅರ್ಥವಾಗುತ್ತದೆ. ಹೆಚ್ಚಿನವರು ಹೆಸರೂ ಕೇಳಿರದ ಯಹೂದಿ ಕೇಂದ್ರ ನರಿಮನ್ ಹೌಸ್ ಏಕೆ? ದಾಳಿ ನಡೆಸಿದ, ಕಾಶ್ಮೀರದ ಮಾತಾಡುವ ಪಾಕಿಸ್ತಾನದ ಉಗ್ರ ಸಂಘಟನೆ ಲಷ್ಕರ್‌ಗೆ ಯಹೂದಿಗಳ ಮೇಲೇನು ಹಗೆ?

ಉತ್ತರ: ಅದು ದಾರಿತಪ್ಪಿ ಹೊಕ್ಕ ಮನೆಯಲ್ಲ. ಲಷ್ಕರ್‌ಗಾಗಿ ಮುಂಬೈ ಸುತ್ತಿದ ಡೇವಿಡ್ ಹೆಡ್ಲಿ ಕೊಲಾಬಾದ ಆ ಗಲ್ಲಿಗೂ ಬಂದು, ಕಟ್ಟಡವನ್ನು ಚಿತ್ರೀಕರಿಸಿಕೊಂಡು ಹೋಗಿದ್ದ. 2008ರ ನವೆಂಬರ್ 26ರಂದು ಬಂದಿಳಿದ ಹತ್ತು ಮಂದಿಯಲ್ಲಿ ಇಬ್ಬರನ್ನು ಅಲ್ಲಿಗೆಂದೇ ಕಳುಹಿಸಿದ್ದರು. ಅಲ್ಲಿ ತೆಗೆಯುವ ಒಂದೊಂದು ಜೀವವೂ ಬೇರೆಡೆಯ ಐವತ್ತಕ್ಕೆ ಸಮ ಎಂದು ಪಾಕಿಸ್ತಾನದಲ್ಲಿ ಕುಳಿತವರು ಫೋನಿನಲ್ಲಿ ಹುರಿದುಂಬಿಸಿದ್ದು ಧ್ವನಿಮುದ್ರಣದಲ್ಲಿ ಸಿಕ್ಕಿದೆ.

ಒಳಗಿದ್ದವರು ಯಾರು? ಯಹೂದಿ ಪ್ರವಾಸಿಗರಿಗೆ ಊಟ, ತಂಗುವ ಜಾಗ ಕೊಡುತ್ತಿದ್ದ ಧರ್ಮಗುರು ಗೇವ್ರಿಯಲ್ ಹೋಲ್ಟ್ಸ್‌ಬರ್ಗ್, ಅವರ ಪತ್ನಿ ರಿವ್ಕಾ, ನಾಲ್ವರು ಅತಿಥಿಗಳು. ಆರೂ ಜನರನ್ನು ಕೊಂದರು. ದಂಪತಿಯ ಎರಡು ವರ್ಷದ ಮಗುವನ್ನು ಆಯಾ ಎದೆಗವಚಿಕೊಂಡು ಹೊರಗೆ ಓಡಿದ್ದರಿಂದ ಅದು ಉಳಿಯಿತು. ಎನ್‌ಎಸ್‌ಜಿ ಯೋಧ ಗಜೇಂದರ್ ಸಿಂಗ್ ಬಿಷ್ಟ್ ಪ್ರಾಣ ಕೊಟ್ಟದ್ದೂ ಅಲ್ಲಿಯೇ.

ಇಸ್ರೇಲ್ ಸರ್ಕಾರದ ನೀತಿಯನ್ನು ವಿರೋಧಿಸುವುದು ರಾಜಕೀಯ. ಇಸ್ರೇಲಿನಲ್ಲೇ ಎಷ್ಟೋ ಜನ ವಿರೋಧಿಸುತ್ತಾರೆ. ಮುಂಬೈಯಲ್ಲಿ ಊಟ ಬಡಿಸುವವನನ್ನು ಅದಕ್ಕಾಗಿ ಕೊಲ್ಲಬೇಕಾದರೆ ಬೇರೊಂದು ನಂಬಿಕೆ ಬೇಕು: ಲೋಕದ ಯಹೂದಿಗಳೆಲ್ಲ ಒಂದೇ ಪಿತೂರಿಯ ಪಾಲುದಾರರು ಎಂಬ ನಂಬಿಕೆ. 1998ರಲ್ಲಿ ಬಿನ್ ಲಾಡೆನ್ ಯುದ್ಧ ಸಾರಿದ್ದು ಒಂದು ದೇಶದ ಮೇಲಲ್ಲ, 'ಯಹೂದಿಗಳು ಮತ್ತು ಶಿಲುಬೆಯ ಯೋಧರ' (ಅಂದರೆ ಕ್ರೈಸ್ತರ) ಮೇಲೆ. ತಮ್ಮ ಹಗೆಗೆ ಉಗ್ರರು ಧರ್ಮಗ್ರಂಥಗಳ ಸಾಲುಗಳನ್ನು ಆಯ್ದು ಬಳಸುತ್ತಾರೆ ನಿಜ. ಆದರೆ ಜಗತ್ತನ್ನೇ ಆಳುವ ಗುಪ್ತಕೂಟದ ಕಥೆ ಯುರೋಪಿನ ಸರಕು. 1903ರಲ್ಲಿ ರಷ್ಯಾದಲ್ಲಿ ಅಚ್ಚಾದ, ಯಹೂದಿ ಹಿರಿಯರ ನಡಾವಳಿ ಎಂದು ಹೇಳಿಕೊಂಡ ಪುಸ್ತಕ ಖೊಟ್ಟಿ ಎಂಬುದನ್ನು ಲಂಡನ್ನಿನ ಟೈಮ್ಸ್ ಪತ್ರಿಕೆ 1921ರಲ್ಲೇ ಬಯಲಿಗೆಳೆಯಿತು. ಆದರೂ ಹಮಾಸ್ ತನ್ನ 1988ರ ಸನ್ನದಿನಲ್ಲಿ ಅದನ್ನೇ ಪುರಾವೆಯಾಗಿ ಉಲ್ಲೇಖಿಸಿತು.

ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳನ್ನು ಅಕ್ಕಪಕ್ಕದವರು 'ಶನಿವಾರ ತೇಲಿ', ಅಂದರೆ ಶನಿವಾರ ಗಾಣ ನಿಲ್ಲಿಸುವವರು ಎಂದಷ್ಟೇ ಗುರುತಿಸುತ್ತಿದ್ದರು. ಅಂಥ ನೆಲಕ್ಕೆ ಈ ವಿಷ ಹೊರಗಿನಿಂದ ಬಂತು. ಇದನ್ನು ಇಲ್ಲಿನ ಮುಸ್ಲಿಮರ ತಲೆಗೆ ಕಟ್ಟುವವರಿಗೆ ಒಂದು ಸಂಗತಿ ನೆನಪಿಸಲೇಬೇಕು. ಸತ್ತ ಒಂಬತ್ತು ದಾಳಿಕೋರರಿಗೆ ತಮ್ಮ ಖಬರಸ್ತಾನದಲ್ಲಿ ಜಾಗವಿಲ್ಲ ಎಂದು ಮುಂಬೈನ ಮುಸ್ಲಿಂ ಸಂಸ್ಥೆಗಳು ಖಡಾಖಂಡಿತವಾಗಿ ಹೇಳಿದವು. ಶವಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಶವಾಗಾರದಲ್ಲೇ ಉಳಿದವು. ಕೊನೆಗೆ 2010ರಲ್ಲಿ ಸರ್ಕಾರವೇ ಗುಟ್ಟಾಗಿ ಹೂಳಬೇಕಾಯಿತು.