ಪದ ಪರಿಚಯ: 24 ವೋಲ್ಟ್ ಫೈರ್–ಸ್ಮೋಕ್ ಡ್ಯಾಂಪರ್

ಎಸಿ ಡಕ್ಟು ಬೆಂಕಿ ತಡೆಯುವ ಗೋಡೆಯನ್ನೋ ಮಹಡಿಯ ಸ್ಲ್ಯಾಬನ್ನೋ ದಾಟುವ ಜಾಗದಲ್ಲಿ ಕೂರಿಸುವ ಲೋಹದ ಕದವೇ ಡ್ಯಾಂಪರ್. ಹಳೆಯ ಬಗೆಯ ಫೈರ್ ಡ್ಯಾಂಪರಿಗೆ ವೈರಿಂಗೇ ಬೇಕಿಲ್ಲ. ಸುಮಾರು 72 ಡಿಗ್ರಿ ಸೆಲ್ಸಿಯಸ್‌ಗೆ ಫ್ಯೂಸಿಬಲ್ ಲಿಂಕ್ ಎಂಬ ಲೋಹದ ಕೊಂಡಿ ಕರಗಿ ಕದ ಮುಚ್ಚುತ್ತದೆ. ಆದರೆ ಹೊಗೆ ಅಷ್ಟು ಬಿಸಿಯಾಗುವ ಮೊದಲೇ ಡಕ್ಟು ಹಿಡಿದು ಪಕ್ಕದ ಕೋಣೆಗೆ ನುಗ್ಗುತ್ತದೆ. ಹೊಗೆ ತಡೆಯಲು, ಅಲಾರಂ ಬಂದ ಕೂಡಲೇ ಮುಚ್ಚುವ ಮೋಟರ್ ಡ್ಯಾಂಪರ್ ಬೇಕು.

ಇದರಲ್ಲಿ ಕರೆಂಟ್ ಇರುವವರೆಗೆ ಮೋಟರು ಕದವನ್ನು ತೆರೆದು ಹಿಡಿದಿರುತ್ತದೆ. ಕರೆಂಟ್ ಹೋದರೆ ಸ್ಪ್ರಿಂಗ್ ಎಳೆದು ಮುಚ್ಚುತ್ತದೆ. ಇಷ್ಟು ತಲೆಯಲ್ಲಿದ್ದರೆ ವೈರಿಂಗ್ ತಪ್ಪುವುದು ಕಡಿಮೆ. ಟ್ರಾನ್ಸ್‌ಫಾರ್ಮರಿನ 24 ವೋಲ್ಟ್ ಲೈನು, ಫೈರ್ ಅಲಾರಂ ಪ್ಯಾನೆಲಿನ ರಿಲೇಯಲ್ಲಿ (ಸಿಗ್ನಲ್ ಬಂದರೆ ತಾನೇ ಬದಲಾಗುವ ಸ್ವಿಚ್ಚು) ಮಾಮೂಲಿ ಹೊತ್ತಿನಲ್ಲಿ ಕೂಡಿದ್ದು ಅಲಾರಂ ಬಂದಾಗ ಬಿಡುವ ಕಾಂಟ್ಯಾಕ್ಟಿನ ಮೂಲಕ ಡ್ಯಾಂಪರಿಗೆ ಹೋಗಬೇಕು. ಆಗ ವೈರು ತುಂಡಾದರೂ ಕದ ಮುಚ್ಚಿಕೊಳ್ಳುತ್ತದೆ. ಕೆಲವರು ಉಲ್ಟಾ ಕಾಂಟ್ಯಾಕ್ಟಿಗೆ ಕೊಡುತ್ತಾರೆ. ಡ್ಯಾಂಪರ್ ತೆರೆಯುವುದಿಲ್ಲ, ಗಾಳಿ ಬರುವುದಿಲ್ಲ. ಆಗ ಕಟ್ಟಡ ಒಪ್ಪಿಸುವ ಅವಸರದಲ್ಲಿ ರಿಲೇ ಬಿಟ್ಟು, ಅದಕ್ಕೆ ಬಂದ ವೈರನ್ನೂ ಅದರಿಂದ ಡ್ಯಾಂಪರಿಗೆ ಹೋಗುವ ವೈರನ್ನೂ ನೇರ ಸೇರಿಸಿಬಿಡುತ್ತಾರೆ. ಇನ್ನು ಅಲಾರಂ ಹೊಡೆದರೂ ಆ ಕದ ಅಲುಗುವುದಿಲ್ಲ. ಇದಕ್ಕಿಂತ ಅಪಾಯದ ತಪ್ಪು ಈ ಕೆಲಸದಲ್ಲಿಲ್ಲ.

ವೋಲ್ಟೇಜ್ ಕಡಿಮೆಯಾದಷ್ಟೂ ಆಂಪಿಯರ್ ಏರುತ್ತದೆ, ಆದ್ದರಿಂದ ದೂರದ ಲೆಕ್ಕ ಹಾಕಲೇಬೇಕು. ತಲಾ 10 ವಿಎ (ವೋಲ್ಟ್ × ಆಂಪಿಯರ್) ಎಳೆಯುವ ನಾಲ್ಕು ಮೋಟರಿಗೆ ಸುಮಾರು 1.7 ಆಂಪಿಯರ್. 60 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರ್ ತಾಮ್ರದ ವೈರು ಎಳೆದರೆ ಹೋಗಿಬರುವ ದಾರಿಯಲ್ಲಿ ಹತ್ತಿರಹತ್ತಿರ 2.4 ವೋಲ್ಟ್ ಕಳೆದುಹೋಗುತ್ತದೆ, ಅಂದರೆ ಶೇ 10. 2.5ರ ವೈರಾದರೆ ನಷ್ಟ 1.5 ವೋಲ್ಟ್. ಟ್ರಾನ್ಸ್‌ಫಾರ್ಮರನ್ನೂ ತುಂಬ ಬಿಗಿಯಾಗಿ ಆರಿಸಬೇಡಿ: 40 ವಿಎ ಲೋಡಿಗೆ 60 ವಿಎ ಇರಲಿ. 230 ವೋಲ್ಟ್ ವೈರಿನ ಜೊತೆ ಈ 24 ವೋಲ್ಟ್ ವೈರನ್ನು ಒಂದೇ ಪೈಪಿನಲ್ಲಿ ತೂರಿಸಬಾರದು.

ಮೈಸೂರಿನಲ್ಲಿ ಸೆಸ್ಕ್ (ಅಲ್ಲಿನ ವಿದ್ಯುತ್ ಸರಬರಾಜು ನಿಗಮ) ಕರೆಂಟ್ ಹೋಗಿ ಜನರೇಟರ್ ಹಿಡಿಯುವಷ್ಟರಲ್ಲಿ ಡ್ಯಾಂಪರುಗಳು ಮುಚ್ಚಿರುತ್ತವೆ. ಮುಚ್ಚಲು ಸೆಕೆಂಡುಗಳು ಸಾಕು, ಪೂರ್ತಿ ತೆರೆಯಲು ಕೆಲವು ಮೋಟರಿಗೆ ಎರಡು ನಿಮಿಷವೂ ಬೇಕು. ಅಷ್ಟರಲ್ಲಿ ಎಎಚ್‌ಯು (ಡಕ್ಟಿಗೆ ಗಾಳಿ ತಳ್ಳುವ ಯಂತ್ರ) ಫ್ಯಾನ್ ತಿರುಗಿದರೆ ಒತ್ತಡಕ್ಕೆ ಡಕ್ಟಿನ ಜಾಯಿಂಟು ಬಿಡಬಹುದು. ಆದ್ದರಿಂದ ‘ತೆರೆದಿದೆ’ ಎಂದು ತಿಳಿಸುವ ಎಂಡ್ ಸ್ವಿಚ್ಚನ್ನು ಫ್ಯಾನ್ ಸ್ಟಾರ್ಟರಿನ ಕಂಟ್ರೋಲ್ ಲೈನಿಗೆ ಸೀರೀಸಿನಲ್ಲಿ ಸೇರಿಸಿ. ‘ಮುಚ್ಚಿದೆ’ ಎನ್ನುವ ಸ್ವಿಚ್ಚು ಪ್ಯಾನೆಲಿಗೆ ಹೋಗಲಿ.

ಪರೀಕ್ಷೆ ಮಾಡುವಾಗ ಪ್ಯಾನೆಲಿನ ದೀಪವನ್ನಷ್ಟೇ ನೋಡಿ ಸಹಿ ಹಾಕಬೇಡಿ. ಫಾಲ್ಸ್ ಸೀಲಿಂಗ್ ಬಿಚ್ಚಿ, ಡಕ್ಟಿನ ಪಕ್ಕದ ಬಾಗಿಲು ತೆಗೆದು, ಟಾರ್ಚ್ ಬಿಟ್ಟು ಬ್ಲೇಡನ್ನೇ, ಅಂದರೆ ಡ್ಯಾಂಪರಿನ ಕದವನ್ನೇ, ನೋಡಿ. ಎಷ್ಟೋ ಮೋಟರುಗಳಲ್ಲಿ ಎಂಡ್ ಸ್ವಿಚ್ ಒಳಗೇ ಇರುತ್ತದೆ. ಶಾಫ್ಟಿನ ಕ್ಲ್ಯಾಂಪ್ ಸಡಿಲವಾಗಿದ್ದರೆ ಮೋಟರು ಮಾತ್ರ ತಿರುಗಿ, ಬ್ಲೇಡು ತೆರೆದೇ ಇದ್ದರೂ ಪ್ಯಾನೆಲಿನಲ್ಲಿ ‘ಮುಚ್ಚಿದೆ’ ಎಂದೇ ಬರುತ್ತದೆ.