ಬುದ್ಧಿ ಹೇಳುವುದು ಸಮಾಲೋಚನೆಯಲ್ಲ

‘ಮೇಡಂ, ಇವಳಿಗೆ ನೀವೇ ಸ್ವಲ್ಪ ಬುದ್ಧಿ ಹೇಳಿ.’ ಚಿಕ್ಕಮಗಳೂರಿನಲ್ಲಿ ದಂಪತಿಗಳಿಗೆ ಆಪ್ತ ಸಮಾಲೋಚನೆ ನಡೆಸುವ ನನಗೆ ಮೊದಲ ಭೇಟಿಯಲ್ಲಿ ಪದೇ ಪದೇ ಕೇಳಿಬರುವ ಮಾತಿದು. ಹೆಂಡತಿಯರೂ ಗಂಡನನ್ನು ತೋರಿಸಿ ಇದನ್ನೇ ಹೇಳುತ್ತಾರೆ. ಎರಡೂ ಕಡೆಯ ಹಿರಿಯರು ಪಂಚಾಯಿತಿ ಸೇರಿ, ತಪ್ಪು ಯಾರದೆಂದು ತೀರ್ಮಾನಿಸಿ, ‘ಹೊಂದಿಕೊಂಡು ಹೋಗಿ’ ಎಂದು ಕಳುಹಿಸಿದ ಮೇಲೂ ಜಗಳ ನಿಂತಿಲ್ಲವೆಂದಾದರೆ, ಅದೇ ತೀರ್ಪನ್ನು ನಾನು ಮತ್ತೊಮ್ಮೆ ಕೊಟ್ಟು ಆಗುವುದೇನು?

ಮೂಡಿಗೆರೆ ಕಡೆಯ ಬೆಳೆಗಾರ ದಂಪತಿಯೊಬ್ಬರು ಬರುತ್ತಿದ್ದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬ್ಯಾಂಕ್ ಸಾಲದ ಬಗ್ಗೆ ಆಕೆ ಕೇಳಿದಾಗಲೆಲ್ಲ ಆತ ಮಾತಿಲ್ಲದೆ ಎದ್ದು ಕಾಫಿ ಕಣದ ಕಡೆ ನಡೆಯುತ್ತಿದ್ದರು. ಆತ ಎದ್ದು ಹೋದಷ್ಟೂ ಆಕೆಯ ದನಿ ಏರುತ್ತಿತ್ತು, ದನಿ ಏರಿದಷ್ಟೂ ಆತ ಕಣದಲ್ಲೇ ಹೆಚ್ಚು ಹೊತ್ತು ಉಳಿಯುತ್ತಿದ್ದರು. ಇದನ್ನು ಶುರುಮಾಡಿದ್ದು ಇನ್ನೊಬ್ಬರೇ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ.

ಒಂದು ದಿನ ಆಕೆಗೆ ಎರಡು ನಿಮಿಷ ಮಾತನಾಡಲು ಹೇಳಿ, ಕೇಳಿಸಿಕೊಂಡದ್ದನ್ನು ಸಮಜಾಯಿಷಿ ಸೇರಿಸದೆ ತಿರುಗಿ ಹೇಳುವಂತೆ ಆತನನ್ನು ಕೇಳಿದೆ. ‘ಸಾಲ ಮಾಡಿದ್ದೇ ತಪ್ಪು ಅಂತಾಳೆ’ ಎಂದರು. ಆಕೆ ಅಲ್ಲವೆಂದರು. ಮೂರು ಸಲ ಹೀಗೆಯೇ ಆಯಿತು. ನಾಲ್ಕನೆಯ ಸಲ ಆತ ನಿಧಾನವಾಗಿ, ‘ನಾನು ಏನೂ ಹೇಳದೆ ಹೋದಾಗ, ತೋಟವೇ ಕೈಬಿಟ್ಟಿತೇನೋ ಅಂತ ಇವಳಿಗೆ ಹೆದರಿಕೆ ಆಗುತ್ತೆ’ ಎಂದಾಗ, ಅಷ್ಟು ಹೊತ್ತೂ ಬ್ಯಾಗಿನ ಜಿಪ್ ಎಳೆದಾಡುತ್ತಿದ್ದ ಆಕೆಯ ಕೈ ನಿಂತಿತು. ಸಾಲವೇನೂ ಕಡಿಮೆಯಾಗಲಿಲ್ಲ. ಆದರೆ ಮುಂದಿನ ತಿಂಗಳು ಆತ ಪಾಸ್‌ಬುಕ್ಕನ್ನು ತಾವಾಗಿಯೇ ತಂದು ಆಕೆಯ ಮುಂದಿಟ್ಟರಂತೆ.

ನಾವು ಹಿಡಿಯುವುದು ಜಗಳದ ವಿಷಯವನ್ನಲ್ಲ, ಅದು ಸುತ್ತಿ ಸುತ್ತಿ ಬರುವ ಬಗೆಯನ್ನು. 1980ರ ದಶಕದಲ್ಲಿ ಮನಶ್ಶಾಸ್ತ್ರಜ್ಞರಾದ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ ಭಾವಕೇಂದ್ರಿತ ಚಿಕಿತ್ಸೆ ಈ ಸುತ್ತನ್ನೇ ಮುಖ್ಯವಾಗಿ ಗಮನಿಸುತ್ತದೆ: ಕೋಪದ ಅಡಿಯಲ್ಲಿರುವ ಭಯವನ್ನು ಹೇಳಿಕೊಳ್ಳಲು ಒಬ್ಬರಿಗೆ, ಎದ್ದು ಹೋಗದೆ ಅದನ್ನು ಕೇಳಿಸಿಕೊಳ್ಳಲು ಇನ್ನೊಬ್ಬರಿಗೆ ಅಭ್ಯಾಸವಾಗಬೇಕು. ಒಂದೇ ಭೇಟಿಯಲ್ಲಿ ಇದು ಆಗುವಂಥದ್ದಲ್ಲ. ಎಲ್ಲರಿಗೂ ಫಲಿಸುತ್ತದೆಂದು ನಾನು ಮಾತು ಕೊಡಲಾರೆ. ಕೆಲವರು ಸಮಾಧಾನದಿಂದ ಬೇರೆಯಾಗುವುದೂ ಉಂಟು.

ಹೊಡೆತ, ಬೆದರಿಕೆ ಇರುವ ಮನೆಯವರನ್ನು ಮಾತ್ರ ನಾನು ಜೊತೆಯಾಗಿ ಕೂರಿಸುವುದಿಲ್ಲ, ಏಕೆಂದರೆ ಇಲ್ಲಿ ಬಾಯಿಬಿಟ್ಟು ಹೇಳಿದ ಮಾತಿಗೆ ಹೆಂಡತಿ ಮನೆಯಲ್ಲಿ ಪೆಟ್ಟು ತಿನ್ನಬೇಕಾಗಬಹುದು. ಅದಕ್ಕಾಗಿಯೇ ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಮಾತನಾಡಿಸುತ್ತೇನೆ. ಅಂಥ ಹೆಂಗಸರಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆಯಿದೆ, ಮಹಿಳಾ ಸಹಾಯವಾಣಿ 181 ಇದೆ. ಖಿನ್ನತೆಯೋ ಕುಡಿತವೋ ಕಂಡರೆ ಮನೋವೈದ್ಯರ ಬಳಿಗೂ ಕಳುಹಿಸುತ್ತೇನೆ.

‘ಅವರು ಬರಲು ಒಪ್ಪುವುದಿಲ್ಲ’ ಎಂದು ವರ್ಷಗಟ್ಟಲೆ ಕಾಯುವವರಿದ್ದಾರೆ. ಒಬ್ಬರೇ ಬನ್ನಿ. ಎರಡು ಕೈ ಸೇರಿ ತಿರುಗಿಸುವ ಸುತ್ತಿನಲ್ಲಿ ಒಂದು ಕೈ ತಡೆದರೂ ವೇಗ ತಗ್ಗುವುದನ್ನು ನಾನು ಹಲವು ಸಲ ಕಂಡಿದ್ದೇನೆ.