ಔಟ್ ಆಫ್ ದ ಬ್ಲೂ: ಆ ನೀಲಿ ಯಾವುದು?

‘ಸರ್, ಔಟ್ ಆಫ್ ದ ಬ್ಲೂ ಅಂದರೆ ಅಪರೂಪಕ್ಕೆ ಅಂತ ತಾನೆ?’

ಅಲ್ಲ. ಹೋದ ವರ್ಷ ಕೇಳಿದವರಿಗೂ ಅಲ್ಲ ಅಂದಿದ್ದೆ, ಈ ವರ್ಷವೂ ಅದೇ ಉತ್ತರ. ಔಟ್ ಆಫ್ ದ ಬ್ಲೂ ಅಂದರೆ ಇದ್ದಕ್ಕಿದ್ದ ಹಾಗೆ, ಹೇಳದೆ ಕೇಳದೆ, ಒಂದು ಸುಳಿವೂ ಕೊಡದೆ. ಹತ್ತು ವರ್ಷ ಸುದ್ದಿಯೇ ಇಲ್ಲದ ಗೆಳೆಯ ಒಂದು ಸಂಜೆ ಫೋನ್ ಮಾಡಿದರೆ, ‘ಹಿ ಕಾಲ್ಡ್ ಮಿ ಔಟ್ ಆಫ್ ದ ಬ್ಲೂ’.

ಈ ‘ಅಪರೂಪ’ ಎಲ್ಲಿಂದ ಅಂಟಿಕೊಂಡಿತು ಅಂತ ನನಗೆ ಗೊತ್ತು. ಒಬ್ಬ ಹುಡುಗಿಯ ನೋಟ್‌ಬುಕ್ಕಿನಲ್ಲಿ ಕಣ್ಣಾರೆ ಕಂಡೆ. ‘ಔಟ್ ಆಫ್ ದ ಬ್ಲೂ’, ಅದರ ಕೆಳಗೆ ‘ಒನ್ಸ್ ಇನ್ ಎ ಬ್ಲೂ ಮೂನ್’. ಎರಡನ್ನೂ ಸೇರಿಸಿ ಒಂದು ದೊಡ್ಡ ಆವರಣ, ಎದುರಿಗೆ ಕೆಂಪು ಶಾಯಿಯಲ್ಲಿ ‘ಅಪರೂಪ’. ‘ಅಪರೂಪಕ್ಕೆ’ ಅನ್ನುವುದು ಎರಡನೆಯದರ ಅರ್ಥ ಮಾತ್ರ. ಬಣ್ಣ ಒಂದೇ ಆದ ಮಾತ್ರಕ್ಕೆ ಅರ್ಥ ಒಂದೇ ಆಗುವುದಿಲ್ಲ, ಮಕ್ಕಳೇ.

ಬ್ಲೂ ಮೂನ್ ಹೇಳದೆ ಕೇಳದೆ ಬರುವುದೇ ಇಲ್ಲ. ಒಂದೇ ಇಂಗ್ಲಿಷ್ ತಿಂಗಳಲ್ಲಿ ಎರಡು ಹುಣ್ಣಿಮೆ ಬಿದ್ದರೆ ಎರಡನೆಯದನ್ನು ಈಗ ಹಾಗೆ ಕರೆಯುತ್ತಾರೆ. ಚಂದ್ರನ ಹನ್ನೆರಡು ತಿಂಗಳು ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಆ ಉಳಿಕೆ ಕೂಡುತ್ತಾ ಹೋಗಿ ಎರಡೂವರೆ–ಮೂರು ವರ್ಷಕ್ಕೊಮ್ಮೆ ಒಂದು ಹುಣ್ಣಿಮೆ ಹೆಚ್ಚಾಗುತ್ತದೆ. ನಮ್ಮ ಪಂಚಾಂಗ ಅಧಿಕ ಮಾಸ ಇಡುವುದೂ ಇದೇ ಉಳಿಕೆಯನ್ನು ಸರಿದೂಗಿಸಲು. 2023ರಲ್ಲಿ ಅಧಿಕ ಶ್ರಾವಣ ಬಂತು, ಆಗಸ್ಟಿನಲ್ಲಿ ಎರಡು ಹುಣ್ಣಿಮೆಯೂ ಬಂದವು. 31ರ ನೂಲು ಹುಣ್ಣಿಮೆಯೇ ಬ್ಲೂ ಮೂನ್. ಗೋಡೆಯ ಕ್ಯಾಲೆಂಡರಿನಲ್ಲಿ ವರ್ಷದ ಮೊದಲೇ ಅಚ್ಚಾಗಿದ್ದುದು ‘ಇದ್ದಕ್ಕಿದ್ದ ಹಾಗೆ’ ಹೇಗಾದೀತು?

ಇನ್ನೊಂದು ಕಡೆಯಿಂದ ನೋಡಿ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ. ಅಪರೂಪವೇ, ಆದರೆ ವರ್ಷಗಟ್ಟಲೆ ಮುಂಚೆ ತಯಾರಿ ನಡೆಯುತ್ತದೆ. ಅದೇ ಮನೆಯಲ್ಲಿ ನಾಲ್ಕು ವರ್ಷದ ಮಗುವಿದ್ದರೆ, ಮೊಸರನ್ನ ತಿನ್ನುತ್ತಾ ತಿನ್ನುತ್ತಾ ‘ಅಜ್ಜಿಗೆ ಅಮ್ಮ ಯಾರು?’ ಅಂತ ಕೇಳಿಬಿಡುತ್ತದೆ. ಇಂಥವು ದಿನಕ್ಕೆ ಹತ್ತು. ಅಪರೂಪದ ಮಾತೇ ಇಲ್ಲ, ಆದರೆ ಹತ್ತಕ್ಕೆ ಹತ್ತೂ ಔಟ್ ಆಫ್ ದ ಬ್ಲೂ.

ಹಾಗಾದರೆ ಆ ನೀಲಿ? ಆಕಾಶ. ‘ಎ ಬೋಲ್ಟ್ ಫ್ರಮ್ ದ ಬ್ಲೂ’ ಅನ್ನುವುದೂ ಇದೇ ಕುಟುಂಬದ್ದು: ಮೋಡವೇ ಇಲ್ಲದ ನೀಲಿ ಬಾನಿನಿಂದ ಬಡಿದ ಸಿಡಿಲು. ಥಾಮಸ್ ಕಾರ್ಲೈಲ್ 1837ರಲ್ಲಿ, ಫ್ರೆಂಚ್ ಕ್ರಾಂತಿಯ ಚರಿತ್ರೆ ಬರೆಯುವಾಗ, ಹಠಾತ್ ಬಂಧನಗಳನ್ನು ಈ ಸಿಡಿಲಿಗೇ ಹೋಲಿಸಿದ. ನಮ್ಮಲ್ಲಿ ಇದಕ್ಕೆ ಎಷ್ಟು ಚೆಂದದ ಮಾತಿದೆ ನೋಡಿ: ಬರಸಿಡಿಲು. ಮಳೆಯಿಲ್ಲದೆ ಎರಗುವ ಸಿಡಿಲು. ಆದರೆ ಬರಸಿಡಿಲು ಎರಗುವುದು ಕೆಟ್ಟ ಸುದ್ದಿಯಾಗಿಯೇ. ಔಟ್ ಆಫ್ ದ ಬ್ಲೂಗೆ ಆ ಕಟ್ಟಿಲ್ಲ, ಒಳ್ಳೆಯದಕ್ಕೂ ಸಲ್ಲುತ್ತದೆ. ಕೆಲಸದ ಆರ್ಡರ್ ಬಂದದ್ದನ್ನು ಯಾರೂ ಬರಸಿಡಿಲು ಅನ್ನಬೇಡಿ.

ಯಾರೂ ಕೇಳದಿದ್ದರೂ ಇದನ್ನೂ ಹೇಳಬೇಕು, ಏಕೆಂದರೆ ಇದು ಜೀವದ ವಿಷಯ. ಬರಸಿಡಿಲು ಬರೀ ನುಡಿಗಟ್ಟಲ್ಲ. ಗುಡುಗುಮೋಡದ ಮೇಲ್ಭಾಗದಿಂದ ಹೊರಟ ಮಿಂಚು ಅಡ್ಡಡ್ಡ ಸಾಗಿ, 15 ಕಿಲೋಮೀಟರಿಗೂ ಆಚೆ ನೆಲಕ್ಕೆ ಬಡಿದದ್ದಿದೆ. ಮೋಡ ಎಲ್ಲೋ ಗುಡ್ಡದ ಹಿಂದೆ ಇರುತ್ತದೆ, ನಿಮ್ಮ ತಲೆಯ ಮೇಲೆ ಬಿಸಿಲು. ಏಪ್ರಿಲ್–ಮೇ ತಿಂಗಳ ಸಂಜೆ ಹೊಲದಲ್ಲಿದ್ದಾಗ ದೂರದಲ್ಲಿ ಗುಡುಗಿದರೆ ‘ಇಲ್ಲಿ ಮಳೆ ಇಲ್ಲವಲ್ಲ’ ಅಂತ ಮರದ ಕೆಳಗೆ ನಿಲ್ಲಬೇಡಿ. ಗಟ್ಟಿ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆಯೇ ಹೊರಗೆ ಬನ್ನಿ.